ತಮ್ಮನಿಗೆ ಬಂದ ಪರಿಹಾರ ಕಡಿಮೆ, ಹೈಕೋರ್ಟಿಗೆ ಹೋಗಬಹುದೇ?

ಹೋಗಬಹುದು. ಮೊದಲು ಆದೇಶದ ದಿನಾಂಕ ನೋಡಿಕೊಳ್ಳಿ. 2023ರಲ್ಲಿ ಸೆಂಟ್ರಿಂಗ್ ಮೇಲಿಂದ ಬಿದ್ದು ತಮ್ಮನ ಕಾಲು ಮುರಿಯಿತು, ಕೋರ್ಟು ನಷ್ಟ 25% ಅಂತ ಬರೆಯಿತು, ಗುತ್ತಿಗೆದಾರ ಈಗ ‘ಇನ್ನೈವತ್ತು ಸಾವಿರ ತಗೊಂಡು ಅಪೀಲು ಬೇಡ ಅಂತ ಸಹಿ ಮಾಡು’ ಅನ್ನುತ್ತಿದ್ದಾನೆ ಎಂದಿದ್ದೀರಿ. ದಯವಿಟ್ಟು ಸಹಿ ಮಾಡಿಸಬೇಡಿ. ಅಪಘಾತ 2023ರದ್ದಾದ್ದರಿಂದ ಅದಕ್ಕೆ ಅನ್ವಯಿಸುವುದು 1923ರ ನೌಕರರ ಪರಿಹಾರ ಕಾಯ್ದೆ, ಅದರ 30ನೇ ಕಲಮಿನಲ್ಲಿ ಅಪೀಲಿಗೆ 60 ದಿನ ಇದೆ. ದಿನ ಮೀರಿದ್ದರೂ ತಕ್ಕ ಕಾರಣ ತೋರಿಸಿ ಕೇಳಿಕೊಳ್ಳಲು ಅವಕಾಶವಿದೆ.

ನಾನು ವಕೀಲನಲ್ಲ. ಹಾವೇರಿ ಕಡೆಯವನು, ಲಾರಿ ಡ್ರೈವರ್ ಆಗಿದ್ದ ನಮ್ಮಣ್ಣನ ಕೇಸಿಗಾಗಿ ಧಾರವಾಡ ಪೀಠದ ತನಕ ಓಡಾಡಿದವನು. ಅಣ್ಣನ ಎಡಗಾಲಿಗೆ ರಾಡು ಹಾಕಿದ್ದರು. ಪಾಟೀಸವಾಲಿನಲ್ಲಿ ವಿಮೆಯವರ ವಕೀಲರು ಡಾಕ್ಟರನ್ನು ‘ಈತ ನಡೆಯಬಲ್ಲನೇ?’ ಎಂದು ಕೇಳಿದರು. ಡಾಕ್ಟರು ಹೌದೆಂದರು. ಆ ಕಾಲಿಂದ ದಿನವಿಡೀ ಕ್ಲಚ್ ಒತ್ತಬಲ್ಲನೇ ಅಂತ ನಮ್ಮ ಕಡೆಯಿಂದ ಯಾರೂ ಕೇಳಲಿಲ್ಲ. 20% ಬಂತು.

ನಿಮ್ಮ ಕೇಸಿನ ಗಂಟೂ ಅಲ್ಲೇ ಇದೆ ಅನ್ನಿಸುತ್ತದೆ. ಕಾಲು ಎಷ್ಟು ಊನವಾಗಿದೆ ಅನ್ನುವುದು ಬೇರೆ, ದುಡಿಯುವ ಶಕ್ತಿ ಎಷ್ಟು ಹೋಗಿದೆ ಅನ್ನುವುದು ಬೇರೆ. ಕಾಯ್ದೆ ಕೇಳುವುದು ಎರಡನೆಯದನ್ನು. ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1975ರಲ್ಲೇ ಇದನ್ನು ಹೇಳಿದೆ: ಒಂದೇ ಕೈಯಲ್ಲಿ ಮರಗೆಲಸ ಆಗದು, ಆದ್ದರಿಂದ ಅದು ಪೂರ್ಣ ನಷ್ಟ. ಸೆಂಟ್ರಿಂಗ್ ಕೆಲಸದವನು ಏಣಿ ಹತ್ತಲಾರದೆ ಹೋದರೆ ಅವನಿಗೆ 25% ಹೇಗೆ ಸಾಕಾಗುತ್ತದೆ?

ಹಣದಲ್ಲಿ ನೋಡಿ. ವಯಸ್ಸು 30 ಅಂದಿರಿ, ಅದಕ್ಕೆ ಕಾಯ್ದೆಯ ಅನುಸೂಚಿಯಲ್ಲಿ (ಕೊನೆಯ ಪಟ್ಟಿಯಲ್ಲಿ) ಕೊಟ್ಟಿರುವ ಗುಣಕ 207.98. ತಿಂಗಳ ಕೂಲಿ ಎಷ್ಟೇ ಇರಲಿ, 2023ರ ಅಪಘಾತಕ್ಕೆ ಲೆಕ್ಕ ಹಿಡಿಯುವುದು ಹೆಚ್ಚೆಂದರೆ 15,000. ಕಾಯ್ದೆಯ ಪ್ರಕಾರ ಅದರ 60% ಅಂದರೆ 9,000ವನ್ನು ಆ ಗುಣಕದಿಂದ ಗುಣಿಸಿದರೆ ಪೂರ್ಣ ನಷ್ಟಕ್ಕೆ 18,71,820 ರೂಪಾಯಿ. ಇದರಲ್ಲಿ 25% ಅಂದರೆ 4,67,955. ಅದೇ ದುಡಿಮೆಯ ನಷ್ಟ 60% ಅಂತಾದರೆ 11,23,092. ಬಡ್ಡಿಯನ್ನೂ ನೋಡಿ. ವರ್ಷಕ್ಕೆ 12% ಅಪಘಾತದ ಕಾಲದಿಂದಲೇ ಸಿಗಬೇಕು, ಆದೇಶದ ದಿನದಿಂದ ಕೊಟ್ಟಿದ್ದರೆ ಅದೂ ತಪ್ಪೇ.

ಒಂದು ಎಚ್ಚರಿಕೆ. ಹೈಕೋರ್ಟು ಸಾಕ್ಷ್ಯವನ್ನು ಮತ್ತೆ ತೂಗಿ ನೋಡುವುದಿಲ್ಲ, ಗಂಭೀರವಾದ ಕಾನೂನಿನ ಪ್ರಶ್ನೆ ಇರಲೇಬೇಕು. ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2016ರಲ್ಲಿ ಇದನ್ನು ಖಡಾಖಂಡಿತ ಹೇಳಿತು. ಹಾಗಾಗಿ ‘ಪರಿಹಾರ ಕಡಿಮೆಯಾಯಿತು’ ಎಂದಷ್ಟೇ ಬರೆದರೆ ಅಪೀಲು ನಿಲ್ಲುವುದು ಕಷ್ಟ. ‘ದುಡಿಮೆಯ ನಷ್ಟವನ್ನು ಪರಿಗಣಿಸದೆ ಊನದ ಪ್ರಮಾಣವನ್ನೇ ಹಿಡಿದಿದ್ದಾರೆ’ ಎಂದು ಬರೆಯಬೇಕು. ಅಣ್ಣನ ಅಪೀಲಿನಲ್ಲಿ ಹೀಗೇ ಬರೆದೆವು. ಕೇಸು ಮರುವಿಚಾರಣೆಗೆ ವಾಪಸು ಬಂತು. ಈ ಸಲ ಡಾಕ್ಟರನ್ನು ಕ್ಲಚ್ಚಿನ ಬಗ್ಗೆ ಕೇಳಿದೆವು, 60% ಆಯಿತು.

ವಕೀಲರ ಫೀಸಿಗೆ ಹೆದರಬೇಡಿ. ಅಂಗವಿಕಲರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಜಿಲ್ಲಾ ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ, 15100ಕ್ಕೆ ಫೋನೂ ಮಾಡಬಹುದು. ಆದೇಶದ ಜೊತೆಗೆ ಡಾಕ್ಟರ ಸಾಕ್ಷಿ ಹೇಳಿಕೆಯ ದೃಢೀಕೃತ ನಕಲಿಗೂ ನಾಳೆಯೇ ಅರ್ಜಿ ಹಾಕಿ. ಏಣಿಯ ಮಾತು ಅದರಲ್ಲಿ ಎಲ್ಲಾದರೂ ಬಂದಿದೆಯಾ, ಮೊದಲು ಅದನ್ನೇ ಹುಡುಕಿ.