ಅಪಘಾತದಲ್ಲಿ ಕಾಲು ಕಳೆದುಕೊಂಡ ಸರ್ಕಾರಿ ಡ್ರೈವರ್‌ನನ್ನು ಕೆಲಸದಿಂದ ತೆಗೆಯಬಹುದಾ?

ನಿಮ್ಮ ಅಣ್ಣ ಸರ್ಕಾರಿ ನಿಗಮದಲ್ಲಿ ಡ್ರೈವರ್, ಅಪಘಾತದಲ್ಲಿ ಕಾಲು ಹೋಯಿತು, ಈಗ ಕಚೇರಿಯವರು ಸ್ವಯಂ ನಿವೃತ್ತಿಗೆ ಬರೆದುಕೊಡು ಅಂತಿದ್ದಾರೆ ಎಂದು ಕೇಳಿದ್ದೀರಿ. ದಯವಿಟ್ಟು ಅದಕ್ಕೆ ಸಹಿ ಹಾಕಿಸಬೇಡಿ. ಸಹಿ ಬಿದ್ದರೆ ಅವರೇ ಬಿಟ್ಟುಹೋದರು ಅಂತಾಗುತ್ತದೆ. ಈಗಾಗಲೇ ಕೊಟ್ಟಿದ್ದರೆ, ಅದು ಜಾರಿಯಾಗುವ ಮೊದಲೇ ವಾಪಸ್ ಪಡೆಯುತ್ತೇನೆ ಎಂದು ಬರೆದುಕೊಡಲಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20(4)ನೇ ಸೆಕ್ಷನ್ ನೋಡಿ. ಸೇವೆಯಲ್ಲಿದ್ದಾಗ ಅಂಗವಿಕಲರಾದ ನೌಕರರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತೆಯೂ ಇಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿ, ಅದೇ ಸೌಲಭ್ಯದಲ್ಲಿ ಬೇರೆ ಹುದ್ದೆ ಕೊಡಬೇಕು. ಹುದ್ದೆ ಖಾಲಿ ಇಲ್ವಾ? ಸೂಪರ್‌ನ್ಯೂಮರರಿ ಹುದ್ದೆಯಲ್ಲಿ, ಅಂದರೆ ಅವರಿಗಾಗಿಯೇ ಹೆಚ್ಚುವರಿಯಾಗಿ ಮಾಡಿದ ಹುದ್ದೆಯಲ್ಲಿ, ಸರಿಯಾದ ಜಾಗ ಸಿಗುವವರೆಗೆ ಅಥವಾ ನಿವೃತ್ತಿ ವಯಸ್ಸಿನವರೆಗೆ ಇಟ್ಟುಕೊಳ್ಳಬೇಕು. ಸರ್ಕಾರಿ ನಿಗಮಗಳಿಗೂ ಇದು ಅನ್ವಯಿಸುತ್ತದೆ.

ಇದು ಹೊಸದೇನಲ್ಲ. 1995ರ ಹಳೆಯ ಕಾಯ್ದೆಯಲ್ಲೂ ಈ ರಕ್ಷಣೆ ಇತ್ತು. ಕುನಾಲ್ ಸಿಂಗ್ ಎಂಬ ಕಾನ್‌ಸ್ಟೇಬಲ್ ಎಡಗಾಲು ಕಳೆದುಕೊಂಡಾಗ ಇಲಾಖೆ ಅವರನ್ನು ಅನರ್ಹ ಎಂದು ಮನೆಗೆ ಕಳಿಸಿತ್ತು. ಪಿಂಚಣಿ ಸಿಗುತ್ತದೆ ಎಂಬ ಕಾರಣಕ್ಕೆ ಈ ರಕ್ಷಣೆ ತಪ್ಪುವುದಿಲ್ಲ ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ನಮ್ಮ ಚಿಕ್ಕಪ್ಪ ಲೈನ್‌ಮನ್ ಆಗಿದ್ದರು. ಶಾಕ್ ಹೊಡೆದು ಬಲಗೈ ಹೋಯಿತು. ಕಚೇರಿಗೆ ಕರೆಸಿ, ಮೊದಲೇ ಟೈಪ್ ಮಾಡಿಟ್ಟಿದ್ದ ನಿವೃತ್ತಿ ಪತ್ರ ಮುಂದಿಟ್ಟು, ಸ್ಟ್ಯಾಂಪ್ ಪ್ಯಾಡ್ ಸರಿಸಿ, ಎಡಗೈ ಹೆಬ್ಬೆಟ್ಟು ಸಾಕು ಅಂದರು. ಹತ್ತನೇ ಕ್ಲಾಸು ಪಾಸಾದ ಮನುಷ್ಯನಿಗೆ ಹೆಬ್ಬೆಟ್ಟು! ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅವರು ಒತ್ತಲಿಲ್ಲ. ಬದಲಿ ಹುದ್ದೆಗೆ ಅರ್ಜಿ ಕೊಟ್ಟರು, ಸ್ಟೋರ್‌ನಲ್ಲಿ ಕೆಲಸ ಸಿಕ್ಕಿತು. ಸಂಬಳ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ.

ನಿಮ್ಮ ಅಣ್ಣನೂ ಹಾಗೇ ಮಾಡಲಿ. ಅರ್ಜಿಯಲ್ಲಿ 20(4) ಎಂದು ಸ್ಪಷ್ಟವಾಗಿ ಬರೆದು, ನಕಲಿನ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಲಿ. ಬಾಯಿಮಾತಿಗೆ ಆಮೇಲೆ ಯಾರೂ ಜವಾಬ್ದಾರರಲ್ಲ. ಜೊತೆಗೆ ಯುಡಿಐಡಿ ಕಾರ್ಡಿಗೂ, ಅಂದರೆ ವಿಕಲಚೇತನರ ಗುರುತಿನ ಚೀಟಿಗೂ, ಅರ್ಜಿ ಹಾಕಿ. ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಎಂಬ ಪ್ರಮಾಣಪತ್ರ ಮುಂದೆ ಹಲವು ಕಡೆ ಬೇಕಾಗುತ್ತದೆ. ಹಳ್ಳಿಯಲ್ಲಿದ್ದರೆ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅರ್ಜಿ ಹಾಕಲು ನೆರವಾಗುತ್ತಾರೆ.

ಕಚೇರಿ ಸುಮ್ನಿದ್ದರೆ ಅಲ್ಲಿನ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಸರ್ಕಾರಿ ಸಂಸ್ಥೆ ಇಂಥ ಅಧಿಕಾರಿಯನ್ನು ನೇಮಿಸಲೇಬೇಕು, ದೂರು ದಾಖಲಾದ ಎರಡು ವಾರದೊಳಗೆ ಅವರು ವಿಚಾರಣೆ ಮಾಡಬೇಕು. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ಬರೆಯಿರಿ. ಸಾಕ್ಷಿಗಳನ್ನು, ದಾಖಲೆಗಳನ್ನು ತರಿಸಿಕೊಳ್ಳಲು ಅವರಿಗೆ ಸಿವಿಲ್ ಕೋರ್ಟಿನಷ್ಟೇ ಅಧಿಕಾರವಿದೆ.

ಅಪಘಾತ ಡ್ಯೂಟಿಯಲ್ಲಿದ್ದಾಗ ಆಗಿದ್ದರೆ ಪರಿಹಾರದ ವಿಷಯ ಬೇರೆಯೇ ಇದೆ. ಅದಕ್ಕೆ ವಕೀಲರನ್ನು ಈಗಲೇ ನೋಡಿ, ಗಡುವು ಇರುತ್ತದೆ. ಬದಲಿ ಹುದ್ದೆಯ ಅರ್ಜಿ ಬರೆಯಲು ಕಷ್ಟವಾದರೆ ಇಲ್ಲೇ ಹೇಳಿ, ಕರಡು ಬರೆದುಕೊಡುತ್ತೇನೆ.