ಕಾರ್ಗಿಲ್‌ನಲ್ಲಿದ್ದ ಅಣ್ಣನಿಗೆ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಚಿಕಿತ್ಸೆ: ಮೊದಲು ಎಲ್ಲಿಗೆ?

1999ರಲ್ಲಿ ಕಾರ್ಗಿಲ್‌ನಲ್ಲಿದ್ದ ನಿಮ್ಮಣ್ಣ ಪಟಾಕಿ ಸದ್ದಿಗೂ ಬೆಚ್ಚುತ್ತಾರೆ, ಎಲ್ಲಿ ತೋರಿಸಲಿ ಅಂತ ಕೇಳಿದ್ದೀರಿ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ದರೆ ಮೊದಲು ಅದರ ಪಾಲಿಕ್ಲಿನಿಕ್‌ಗೆ ಹೋಗಿ, ಮನೋವೈದ್ಯರಿಗೆ ರೆಫರಲ್ ಬರೆಸಿಕೊಳ್ಳಿ. ತುರ್ತಲ್ಲದಿದ್ದಾಗ ರೆಫರಲ್ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ಬಿಲ್ಲು ನಿಮ್ಮ ತಲೆಗೇ ಬರುತ್ತದೆ.

ಅಲ್ಲಿ ಬರೀ ‘ನಿದ್ದೆ ಬರಲ್ಲ’ ಅನ್ನಬೇಡಿ, ನಿದ್ದೆ ಮಾತ್ರೆ ಕೊಟ್ಟು ಕಳಿಸಿಬಿಡಬಹುದು. ಯುದ್ಧದಲ್ಲಿದ್ದದ್ದು, ಕೆಟ್ಟ ಕನಸು, ಸಿಡುಕು, ಕುಡಿತ ಎಲ್ಲವನ್ನೂ ಚೀಟಿಯಲ್ಲಿ ಬರೆದು ಒಯ್ಯಿರಿ. ಆಘಾತಕ್ಕೆಂದೇ ಇರುವ ಸಿಬಿಟಿ (ಯೋಚನೆ, ವರ್ತನೆ ಬದಲಿಸುವ ಮಾತಿನ ಚಿಕಿತ್ಸೆ) ಅಥವಾ ಇಎಂಡಿಆರ್ (ಕಣ್ಣು ಆಡಿಸುತ್ತಾ ಕಹಿ ನೆನಪನ್ನು ಎದುರಿಸುವ ಚಿಕಿತ್ಸೆ) ಮಾಡುವವರು ಇದ್ದಾರಾ ಕೇಳಿ. ಮುಖ್ಯ ಚಿಕಿತ್ಸೆ ಅದೇ. ಸರ್ಟ್ರಲೀನ್‌ನಂಥ ಮಾತ್ರೆ ಹಿಡಿಯಲು 4-6 ವಾರ ಬೇಕು, ಗುಣ ಕಾಣಲಿಲ್ಲವೆಂದು 10 ದಿನಕ್ಕೇ ಬಿಡಿಸಬೇಡಿ.

ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ, ಕನ್ನಡದಲ್ಲೇ ಸಿಗುತ್ತದೆ. ಬೆಂಗಳೂರಿನವರಾದರೆ ನಿಮ್ಹಾನ್ಸ್ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.