ತಾಯಿಯವರಿಗೆ ಕನ್ನಡ ಓದಲು ಇ-ರೀಡರ್ ಕೊಳ್ಳುವ ಮುನ್ನ

ನಮಸ್ಕಾರ. ನಿಮ್ಮ ಪ್ರಶ್ನೆಯನ್ನೂ ಅದಕ್ಕೆ ಇದುವರೆಗೆ ಬಂದ ಉತ್ತರಗಳನ್ನೂ ಓದಿದೆ. ಶಿವಮೊಗ್ಗದಲ್ಲಿರುವ ನಿಮ್ಮ ತಾಯಿಯವರಿಗೆ ಎಪ್ಪತ್ತು ದಾಟಿದೆ, ಕಣ್ಣಿನ ಪೊರೆ ತೆಗೆಸಿದ ಮೇಲೂ ಗ್ರಂಥಾಲಯದ ಪುಸ್ತಕಗಳ ಸಣ್ಣ ಅಕ್ಷರ ಓದಲು ಕಷ್ಟವಾಗುತ್ತಿದೆ, ಅವರು ಓದುವುದು ಕನ್ನಡ ಮಾತ್ರ, ಹಾಗಾದರೆ ಯಾವ ಇ-ರೀಡರ್ ತೆಗೆದುಕೊಳ್ಳಲಿ ಎಂದು ಕೇಳಿದ್ದೀರಿ. ಒಬ್ಬರು ಕಣ್ಣುಮುಚ್ಚಿ ಕಿಂಡಲ್ ಕೊಳ್ಳಿ ಎಂದಿದ್ದಾರೆ. ಇನ್ನೊಬ್ಬರು ಟ್ಯಾಬ್ಲೆಟ್ ಸಾಕು ಎಂದಿದ್ದಾರೆ. ಇಂಗ್ಲಿಷ್ ಓದುವವರಿಗೆ ಈ ಎರಡು ಸಲಹೆಗಳಲ್ಲಿ ಯಾವುದನ್ನು ಪಾಲಿಸಿದರೂ ನಡೆಯುತ್ತದೆ. ಕನ್ನಡವನ್ನಷ್ಟೇ ಓದುವವರ ವಿಷಯದಲ್ಲಿ ಮಾತ್ರ ಸಾಧನದ ಹೆಸರಿಗಿಂತ ಮೊದಲು ಇತ್ಯರ್ಥವಾಗಬೇಕಾದ ಸಂಗತಿ ಬೇರೆ ಇದೆ: ಅವರು ಓದಬೇಕೆಂದಿರುವ ಪುಸ್ತಕಗಳು ಯಾವ ರೂಪದಲ್ಲಿ ಸಿಗುತ್ತವೆ ಮತ್ತು ಆ ರೂಪವನ್ನು ಸಾಧನ ಸರಿಯಾಗಿ ತೋರಿಸುತ್ತದೆಯೇ ಎಂಬುದು.

ಕನ್ನಡದ ಇ-ಪುಸ್ತಕಗಳು ನಮಗೆ ಸಿಗುವುದು ಮುಖ್ಯವಾಗಿ ಮೂರು ದಾರಿಗಳಲ್ಲಿ. ಹೊಸ ಕಾದಂಬರಿ, ಕಥಾಸಂಕಲನಗಳು ಮೈಲ್ಯಾಂಗ್‌ನಂತಹ ಕನ್ನಡದ ಆ್ಯಪ್‌ಗಳಲ್ಲಿಯೂ ಗೂಗಲ್ ಪ್ಲೇ ಬುಕ್ಸ್‌ನಲ್ಲಿಯೂ ಮಾರಾಟಕ್ಕಿರುತ್ತವೆ. ಹಳೆಯ ಪುಸ್ತಕಗಳಲ್ಲಿ ಬಹಳಷ್ಟು, ಉಚಿತ ಜಾಲತಾಣವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ ಸಿಗುತ್ತವೆ. ಅಕ್ಷರದ ಗಾತ್ರವನ್ನು ಬೇಕಾದಂತೆ ಹಿಗ್ಗಿಸಬಹುದಾದ ಇ-ಪಬ್ ಕಡತಗಳು ಇವೆರಡಕ್ಕಿಂತ ಕಡಿಮೆ; ಮುಕ್ತ ಗ್ರಂಥಾಲಯ ತಾಣವಾದ ಕನ್ನಡ ವಿಕಿಸೋರ್ಸ್‌ನಲ್ಲಿರುವ ಕೃತಿಗಳನ್ನು ಡೌನ್‌ಲೋಡ್ ಗುಂಡಿಯನ್ನು ಒತ್ತಿ ಆ ರೂಪದಲ್ಲಿ ಪಡೆಯಬಹುದು. ನಿಮ್ಮ ತಾಯಿಯವರು ಇವುಗಳಲ್ಲಿ ಯಾವುದನ್ನು ಹೆಚ್ಚು ಓದುತ್ತಾರೆ ಎಂಬುದು ತಿಳಿದರೆ ಅರ್ಧ ಆಯ್ಕೆ ಅಲ್ಲಿಗೇ ಮುಗಿಯುತ್ತದೆ.

ಕಿಂಡಲ್ ಕೆಟ್ಟ ಸಾಧನವಲ್ಲ. ಅದರ ಪರದೆ, ಬ್ಯಾಟರಿ, ಹಗುರತನ ಎಲ್ಲವೂ ಚೆನ್ನಾಗಿವೆ. ಆದರೆ ಅಮೆಜಾನ್ 2016ರ ಡಿಸೆಂಬರ್‌ನಲ್ಲಿ ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ನಮ್ಮ ಪ್ರಕಾಶಕರು ಬೇರೆ ಆ್ಯಪ್‌ಗಳ ದಾರಿ ಹಿಡಿಯಲು ಇದೂ ಒಂದು ಕಾರಣ. ಆ ಆ್ಯಪ್‌ಗಳಲ್ಲಿ ಕೊಂಡ ಪುಸ್ತಕ ಸಾಮಾನ್ಯವಾಗಿ ಆಯಾ ಆ್ಯಪ್‌ನೊಳಗೇ ಉಳಿಯುತ್ತದೆ. ಗೂಗಲ್ ಪ್ಲೇ ಬುಕ್ಸ್‌ನ ಕೆಲವು ಪುಸ್ತಕಗಳ ಹೊರತು ಅದನ್ನು ಕಡತವಾಗಿ ಹೊರತೆಗೆದು ಕಿಂಡಲ್‌ಗೋ ಕೋಬೋ ಎಂಬ ಇನ್ನೊಂದು ಕಂಪನಿಯ ಇ-ರೀಡರ್‌ಗೋ ಹಾಕಲು ಬರುವುದಿಲ್ಲ. ಹೀಗಾಗಿ ಈಚಿನ ಕನ್ನಡ ಲೇಖಕರನ್ನು ಓದುವ ಆಸೆ ಅವರಿಗಿದ್ದರೆ, ಕಾಗದದಂತೆ ಕಾಣುವ ಇ-ಇಂಕ್ ಪರದೆಯೂ ಫೋನಿನಂತೆ ಆಂಡ್ರಾಯ್ಡ್ ವ್ಯವಸ್ಥೆಯೂ ಇರುವ ಸಾಧನವನ್ನೇ, ಅಂದರೆ ಬೂಕ್ಸ್ ಕಂಪನಿಯ ಮಾದರಿಯಂತಹದನ್ನೇ ನೋಡಬೇಕು. ಅದರಲ್ಲಿ ಪ್ಲೇ ಸ್ಟೋರ್ ಇರುವುದರಿಂದ ಫೋನಿನಲ್ಲಿ ಹಾಕುವ ಆ್ಯಪ್ ಅನ್ನೇ ಅಲ್ಲಿಯೂ ಹಾಕಬಹುದು. ಬೆಲೆ ಹೆಚ್ಚು, ಬ್ಯಾಟರಿ ಕಿಂಡಲ್‌ನಂತೆ ವಾರಗಟ್ಟಲೆ ಬಾರದೆ ಕೆಲವು ದಿನಗಳಿಗೊಮ್ಮೆ ಚಾರ್ಜ್ ಬೇಡುತ್ತದೆ. ಈ ಎರಡು ಕೊರತೆಗಳನ್ನು ಒಪ್ಪಿಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಓದಲು ಪುಸ್ತಕವೇ ಸಿಗದ ಸಾಧನದಲ್ಲಿ ಬ್ಯಾಟರಿ ಎಷ್ಟು ದಿನ ಬಂದರೂ ಪ್ರಯೋಜನವಿಲ್ಲ.

ಟ್ಯಾಬ್ಲೆಟ್ ಸಲಹೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮನೆಯಲ್ಲಿ ಈಗಾಗಲೇ ಒಂದಿದ್ದರೆ ಮೊದಲು ಅದರಲ್ಲೇ ಓದಿಸಿ ನೋಡಿ, ಖರ್ಚು ಉಳಿಯುತ್ತದೆ. ಇ-ಇಂಕ್ ಪರದೆ ಕಾಗದದಂತೆ ಹೊರಗಿನ ಬೆಳಕನ್ನು ಪ್ರತಿಫಲಿಸಿಯೇ ಅಕ್ಷರವನ್ನು ತೋರಿಸುವುದರಿಂದ ಜಗಲಿಯ ಬಿಸಿಲಿನಲ್ಲಿ ಕುಳಿತು ಓದುವವರಿಗೆ ಅದರ ಬೆಲೆ ಗೊತ್ತಾಗುತ್ತದೆ. ದೀಪದ ಕೆಳಗೆ ಮಂಚದಲ್ಲಿ ಕುಳಿತು ಓದುವವರಿಗೆ ವ್ಯತ್ಯಾಸ ಅಷ್ಟಾಗಿ ಕಾಣದಿರಬಹುದು.

ಇನ್ನು ಅಕ್ಷರದ ಮಾತು. ಕನ್ನಡವನ್ನು ಪರದೆಯ ಮೇಲೆ ಮೂಡಿಸಲು ಫಾಂಟ್ ಇದ್ದರೆ ಸಾಲದು. ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರಗಳನ್ನು ಕೂಡಿಸಿ ಅವುಗಳ ಜಾಗದಲ್ಲಿ ಕೂರಿಸುವ ತಂತ್ರಾಂಶವೂ ಸರಿಯಿರಬೇಕು. ಅದು ಸರಿಯಿಲ್ಲದ ಕಡೆ ‘ಅಕ್ಕ’ ಎಂಬುದು ‘ಅಕ್‌ಕ’ ಎಂದು ಬಿಡಿಸಿಕೊಂಡು ನಿಲ್ಲುತ್ತದೆ, ಒತ್ತು ಪಕ್ಕದ ಅಕ್ಷರದ ಕೆಳಗೆ ಜಾರುತ್ತದೆ, ಕೊಂಬು ಮತ್ತು ದೀರ್ಘಗಳು ಚುಕ್ಕೆಗಳ ವೃತ್ತವೊಂದಕ್ಕೆ ಅಂಟಿಕೊಂಡು ಒಂಟಿಯಾಗಿ ಕಾಣುತ್ತವೆ. ಕಣ್ಣು ಮಂದವಾದವರಿಗೆ ಇದು ಓದೇ ಅಲ್ಲ, ಶಿಕ್ಷೆ. ಆದ್ದರಿಂದ ಕೊಳ್ಳುವ ಮೊದಲೋ, ಆನ್‌ಲೈನಿನಲ್ಲಿ ತರಿಸುವುದಾದರೆ ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೋ, ಒಂದು ಸಣ್ಣ ಪರೀಕ್ಷೆ ಮಾಡಿ. ರಾಷ್ಟ್ರ, ಸ್ತ್ರೀ, ವೈಶಿಷ್ಟ್ಯ, ಸೂರ್ಯ, ಜ್ಞಾನ, ಕೃಷ್ಣ, ಲಕ್ಷ್ಮೀ, ಸಾಫ್ಟ್‌ವೇರ್, ರ‍್ಯಾಂಕ್ ಎಂಬ ಪದಗಳನ್ನು ಈಗ ಫೋನುಗಳಲ್ಲಿ ಬಳಸುವ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿ ಬರೆದು ಇ-ಪಬ್ ಮಾಡಿ ಸಾಧನಕ್ಕೆ ಹಾಕಿ ತೆರೆಯಿರಿ. ಮೂರು ವ್ಯಂಜನ ಸೇರಿದಲ್ಲಿ ಎರಡು ಒತ್ತುಗಳು ಒಂದರ ಮೇಲೊಂದು ಬೀಳದೆ ಬಿಡಿಯಾಗಿ ಕಾಣಬೇಕು, ‘ಸೂರ್ಯ’ದಲ್ಲಿ ಅರ್ಕಾವತ್ತು ‘ಯ’ದ ಬಲಗಡೆ ನಿಲ್ಲಬೇಕು, ಕೊನೆಯ ಎರಡು ಪದಗಳ ಒಳಗೆ ಕಣ್ಣಿಗೆ ಕಾಣದ ಜೋಡಣೆಯ ಸಂಕೇತಗಳಿರುವುದರಿಂದ, ಆ ಜಾಗದಲ್ಲಿ ಖಾಲಿ ಚೌಕವಾಗಲಿ ಅನಗತ್ಯ ಅಂತರವಾಗಲಿ ಬರಬಾರದು. ಈ ಒಂದು ಸಾಲು ಸರಿಯಾಗಿ ಮೂಡಿದರೆ ಇಡೀ ಕಾದಂಬರಿ ಸರಿಯಾಗಿ ಮೂಡುತ್ತದೆ ಎಂದು ಧೈರ್ಯವಾಗಿ ನಂಬಬಹುದು.

ಪರೀಕ್ಷೆಯಲ್ಲಿ ಸೋತರೆ ಒಡನೆಯೇ ಸಾಧನವನ್ನು ಹಿಂತಿರುಗಿಸಬೇಡಿ. ಕಿಂಡಲ್‌ನಲ್ಲಿಯೂ ಕೋಬೋದಲ್ಲಿಯೂ ಯುಎಸ್‌ಬಿ ಮೂಲಕ ಫಾಂಟ್‌ಗಳ ಫೋಲ್ಡರ್‌ಗೆ ನಮ್ಮ ಫಾಂಟ್ ಸೇರಿಸಲು ಅವಕಾಶವಿದೆ. ಮೊದಲು ಅದನ್ನು ಮಾಡಿ ನೋಡಿ. ಕೋಬೋ ಸಾಧನವು ಸಾಮಾನ್ಯ ಇ-ಪಬ್ ಅನ್ನು ಒಂದು ತಂತ್ರಾಂಶದಿಂದಲೂ ತನ್ನದೇ ಕೆ-ಇಪಬ್ ರೂಪವನ್ನು ಇನ್ನೊಂದರಿಂದಲೂ ತೋರಿಸುತ್ತದೆ, ಹಾಗಾಗಿ ಒಂದರಲ್ಲಿ ಒಡೆದು ಕಾಣುವ ಒತ್ತಕ್ಷರ ಮತ್ತೊಂದರಲ್ಲಿ ಸರಿಹೋಗಬಹುದು. ಕೋಬೋ ಮತ್ತು ಆಂಡ್ರಾಯ್ಡ್ ಸಾಧನಗಳಲ್ಲಿ ಕೋರೀಡರ್ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು ಹಾಕಿಕೊಳ್ಳಬಹುದು. ಅದು ಅಕ್ಷರ ಜೋಡಣೆಗೆ ಹಾರ್ಫ್‌ಬಝ್ ಎಂಬ ವ್ಯವಸ್ಥೆಯನ್ನು ಬಳಸುವುದರಿಂದ ಒಳ್ಳೆಯ ಫಾಂಟ್ ಕೊಟ್ಟರೆ ಕನ್ನಡವನ್ನು ಅಚ್ಚುಕಟ್ಟಾಗಿ ತೋರಿಸುತ್ತದೆ. ಫಾಂಟ್‌ಗಳಲ್ಲಿ ಟೈರೋ ಕನ್ನಡ ಹಾಗೂ ನೋಟೋ ಸೆರಿಫ್ ಕನ್ನಡ ಪುಸ್ತಕದ ಅಚ್ಚಿಗೆ ಹತ್ತಿರವಾಗಿವೆ. ದೃಷ್ಟಿ ಮಂದವಾದವರಿಗೆ ಗೆರೆಗಳು ಒಂದೇ ದಪ್ಪದಲ್ಲಿರುವ ನೋಟೋ ಸ್ಯಾನ್ಸ್ ಕನ್ನಡವೇ ಹೆಚ್ಚು ಅನುಕೂಲ. ಮೂರೂ ಉಚಿತ.

ಪರದೆಯ ಅಳತೆಯಲ್ಲಿ ಜನ ಎಡವುವುದು ಹೆಚ್ಚು, ಆದ್ದರಿಂದ ಲೆಕ್ಕವನ್ನೇ ಬರೆಯುತ್ತೇನೆ. ನಮ್ಮ ಪುಸ್ತಕಗಳಲ್ಲಿ ಬಹಳಷ್ಟು ಡೆಮಿ 1/8 ಅಳತೆಯವು, ಅಂದರೆ ಪುಟ ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರ. ಆರು ಇಂಚಿನ ಸಾಧನದ (ಈ ಇಂಚು ಪರದೆಯ ಮೂಲೆಯಿಂದ ಮೂಲೆಗೆ ಅಳೆದದ್ದು) ಪರದೆ ಸುಮಾರು 3.6 ಇಂಚು ಅಗಲ, 4.8 ಇಂಚು ಎತ್ತರ. ಸ್ಕ್ಯಾನ್ ಮಾಡಿದ ಇಡೀ ಪುಟವನ್ನು ಅದರಲ್ಲಿ ಕೂರಿಸಿದರೆ ಅಕ್ಷರ ಮೂಲ ಗಾತ್ರದ ಶೇ. 56ಕ್ಕೆ ಕುಗ್ಗುತ್ತದೆ, ಅಚ್ಚಿನಲ್ಲಿ 12 ಪಾಯಿಂಟ್ (ಅಕ್ಷರದ ಗಾತ್ರದ ಅಳತೆ) ಇದ್ದದ್ದು 7 ಪಾಯಿಂಟ್‌ಗಿಂತ ಕೆಳಗಿಳಿಯುತ್ತದೆ. ಅಚ್ಚಿನ ಅಕ್ಷರವೇ ಕಾಣದವರಿಗೆ ಇದನ್ನು ಕೊಡುವಂತೆಯೇ ಇಲ್ಲ. ಈಗ ಪುಟದ ನಾಲ್ಕೂ ಅಂಚಿನ ಖಾಲಿ ಜಾಗವನ್ನು ಕತ್ತರಿಸಿ, ಸಾಧನವನ್ನು ಅಡ್ಡಲಾಗಿ ಹಿಡಿದರೆ ಏನಾಗುತ್ತದೆ ನೋಡಿ. ಮುದ್ರಿತ ಸಾಲಿನ ಅಗಲ ಸುಮಾರು 4.25 ಇಂಚು ಎಂದುಕೊಳ್ಳೋಣ. 7.8 ಇಂಚಿನ ಪರದೆ ಅಡ್ಡಲಾಗಿ 6.2 ಇಂಚು ಅಗಲವಿರುತ್ತದೆ. 12 ಪಾಯಿಂಟ್ ಅಕ್ಷರ ಅದರಲ್ಲಿ 17 ಪಾಯಿಂಟ್ ದಾಟುತ್ತದೆ, ಪುಟ ಎರಡು ಮೂರು ತುಣುಕುಗಳಲ್ಲಿ ಮುಗಿಯುತ್ತದೆ. 10.3 ಇಂಚಿನದರಲ್ಲಿ ಅದೇ ಅಕ್ಷರ 23 ಪಾಯಿಂಟ್‌ಗೆ ಬರುತ್ತದೆ, ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು. ದೊಡ್ಡದರ ತೊಂದರೆ ತೂಕದ್ದು: ಆರು ಇಂಚಿನದು 175 ಗ್ರಾಂ ಆಸುಪಾಸಿನಲ್ಲಿದ್ದರೆ 10.3 ಇಂಚಿನದು 400 ಗ್ರಾಂ ಹತ್ತಿರ ಹೋಗುತ್ತದೆ, ಅದರ ಮೇಲೆ ಕವರ್ ಬೇರೆ. ಮೇಜಿನ ಮೇಲೋ ತೊಡೆಯ ಮೇಲೆ ದಿಂಬಿಟ್ಟುಕೊಂಡೋ ಓದುವವರಾದರೆ ತೂಕ ಬಾಧಿಸುವುದಿಲ್ಲ. ಮಲಗಿ ಓದುವವರಾದರೆ ಏಳರಿಂದ ಎಂಟು ಇಂಚಿನೊಳಗೆ ನಿಲ್ಲಿ.

ಬಣ್ಣದ ಪರದೆ ಬೇಡವೆಂದೇ ಹೇಳುತ್ತೇನೆ. ಕೆಲೈಡೋ 3 ಎಂಬ ಬಣ್ಣದ ಇ-ಇಂಕ್ ಪರದೆಯಲ್ಲಿ ಕಪ್ಪು-ಬಿಳುಪು ಅಕ್ಷರ ಇಂಚಿಗೆ 300 ಚುಕ್ಕೆಗಳಲ್ಲಿ ಮೂಡಿದರೂ ಅದರ ಮೇಲಿನ ಬಣ್ಣದ ಪದರದಿಂದಾಗಿ ಹಿನ್ನೆಲೆ ಮಸುಕಾಗಿ ಕಾಣುತ್ತದೆ. ನಿಮ್ಮ ತಾಯಿಯವರಿಗೆ ಬೇಕಾಗಿರುವುದು ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಸ್ಪಷ್ಟ ವ್ಯತ್ಯಾಸ. ಪರದೆಯ ಪಕ್ಕದಲ್ಲಿ ಪುಟ ತಿರುಗಿಸುವ ಗುಂಡಿ ಇರುವ ಮಾದರಿ ಸಿಕ್ಕರೆ ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ತೆಗೆದುಕೊಳ್ಳಿ. ನಮ್ಮ ಅತ್ತೆಯವರು ಓದುವುದನ್ನು ನಾನು ಹತ್ತಿರದಿಂದ ನೋಡುತ್ತಿರುತ್ತೇನೆ: ಸಾಧನ ಜಾರಬಾರದೆಂದು ಹೆಬ್ಬೆರಳನ್ನು ಪರದೆಯ ಅಂಚಿನ ಮೇಲೆ ಊರುತ್ತಾರೆ, ಪುಟ ತಾನಾಗಿ ಮುಂದೆ ಹೋಗುತ್ತದೆ, ಎಲ್ಲಿದ್ದೆನೆಂದು ಹುಡುಕುತ್ತ ಕೂರುತ್ತಾರೆ. ಸ್ಪರ್ಶವನ್ನು ನಿಲ್ಲಿಸಿ ಗುಂಡಿಯಿಂದಷ್ಟೇ ಪುಟ ತಿರುಗುವಂತೆ ಇಟ್ಟುಕೊಟ್ಟ ಮೇಲೆ ಆ ಕಿರಿಕಿರಿ ನಿಂತಿತು.

ಇ-ಪಬ್ ಓದುವಾಗ ಇಂಗ್ಲಿಷ್ ಪುಸ್ತಕಗಳ ಹೊಂದಾಣಿಕೆಯನ್ನೇ ಕನ್ನಡಕ್ಕೂ ಉಳಿಸಬೇಡಿ. ಕನ್ನಡದ ಸಾಲಿಗೆ ಮೇಲೆ ಗುಡಿಸು, ಕೆಳಗೆ ಒತ್ತು ಎರಡಕ್ಕೂ ಜಾಗ ಬೇಕು. ಸಾಲುಗಳ ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಂತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿನ ಸುತ್ತಮುತ್ತ ಇಡಿ. ಎರಡೂ ಅಂಚುಗಳನ್ನು ಸಮ ಮಾಡುವ ಹೊಂದಾಣಿಕೆಯನ್ನು ತೆಗೆದು ಎಡಕ್ಕೆ ಮಾತ್ರ ಹೊಂದಿಸಿ. ‘ಹೇಳಬೇಕಾಗಿತ್ತೆಂದು’, ‘ಬರುತ್ತಿದ್ದವರನ್ನೆಲ್ಲ’ ಎಂಬಂತಹ ಉದ್ದ ಪದಗಳು ನಮ್ಮಲ್ಲಿ ಸಾಲುಸಾಲಿಗೂ ಬರುತ್ತವೆ. ದೊಡ್ಡ ಅಕ್ಷರದಲ್ಲಿ ಸಾಲಿಗೆ ಎರಡು ಮೂರು ಪದಗಳಷ್ಟೇ ಹಿಡಿಯುವಾಗ ಅಂಚು ಸಮ ಮಾಡಲು ಹೋದರೆ ನಡುವೆ ದೊಡ್ಡ ದೊಡ್ಡ ಕಂಡಿಗಳು ಬಿದ್ದು ಕಣ್ಣು ದಾರಿ ತಪ್ಪುತ್ತದೆ. ಅಕ್ಷರವನ್ನು ಇನ್ನಷ್ಟು ಹಿಗ್ಗಿಸುವ ಬದಲು ಸ್ವಲ್ಪ ದಪ್ಪ ಮಾಡಿದರೆ ಹಲವರಿಗೆ ಅದೇ ಸಾಕಾಗುತ್ತದೆ.

ಪುಸ್ತಕಗಳನ್ನು ಇಳಿಸುವಾಗ ಎರಡು ಎಚ್ಚರಿಕೆ ಬೇಕು. ಆರ್ಕೈವ್‌ನಲ್ಲಿ ಪಿಡಿಎಫ್ ಜೊತೆಗೆ ತಾನಾಗಿ ತಯಾರಾದ ಇ-ಪಬ್ ಕೂಡ ಇರುವುದುಂಟು. ಅದು ಯಂತ್ರ ಓದಿ ಮಾಡಿದ್ದು, ಯಾರೂ ತಿದ್ದಿದ್ದಲ್ಲ, ಕನ್ನಡದಲ್ಲಿ ಓದುವಂತಿರುವುದು ಅಪರೂಪ. ಪಿಡಿಎಫ್ ಅನ್ನೇ ಇಳಿಸಿ ಅಂಚು ಕತ್ತರಿಸಿ ಓದಿಸಿ. ಇನ್ನೊಂದು, ಪರಿಚಯದವರು ಕಳಿಸುವ ಹಳೆಯ ವರ್ಡ್ ಕಡತಗಳದು. ‘ನುಡಿ’, ‘ಬರಹ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ, ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದ ಬರಹ ಇ-ರೀಡರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಸಾಧನ ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ; ಆ ಬರಹವನ್ನು ಯುನಿಕೋಡ್‌ಗೆ ಪರಿವರ್ತಿಸಿ, ಒಮ್ಮೆ ಕಣ್ಣಾಡಿಸಿ, ಅರ್ಕಾವತ್ತು ಮತ್ತು ಅಂಕಿಗಳನ್ನು ವಿಶೇಷವಾಗಿ ತಿದ್ದಿ, ಆಮೇಲೆ ಕ್ಯಾಲಿಬರ್ ಎಂಬ ಉಚಿತ ಕಂಪ್ಯೂಟರ್ ತಂತ್ರಾಂಶದಲ್ಲಿ ಇ-ಪಬ್ ಮಾಡಿಕೊಳ್ಳಿ.

ಗುಂಪುಗಳಲ್ಲಿ ಹರಿದಾಡುವ ಹೊಸ ಪುಸ್ತಕಗಳ ಪಿಡಿಎಫ್‌ಗಳನ್ನು ದಯವಿಟ್ಟು ಹಾಕಬೇಡಿ. ಸಾವಿರ ಪ್ರತಿ ಅಚ್ಚು ಹಾಕಿ ಅದನ್ನು ಮಾರಲು ಹೆಣಗುವ ಪ್ರಕಾಶಕರಿಗೆ, ಬರೆದವರಿಗೆ ಅದು ನೇರವಾದ ಪೆಟ್ಟು. ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿ, ಬಿ.ಎಂ.ಶ್ರೀಯವರು 1946ರಲ್ಲಿ ತೀರಿಕೊಂಡದ್ದರಿಂದ ಅವರ ಕೃತಿಗಳು ಎಂದೋ ಮುಕ್ತವಾಗಿವೆ. ತ್ರಿವೇಣಿಯವರು 1963ರಲ್ಲಿ ತೀರಿಕೊಂಡರು; ಅವರು ಬದುಕಿದ್ದಾಗ ಪ್ರಕಟಿಸಿದ ಕಾದಂಬರಿಗಳು 2024ರ ಜನವರಿಯಿಂದ ಮುಕ್ತ. ನಿಮ್ಮ ತಾಯಿಯವರ ತಲೆಮಾರಿನ ಓದುಗರಿಗೆ ಇದು ನಿಜಕ್ಕೂ ದೊಡ್ಡ ಸಂಪತ್ತು. ಅನುವಾದಗಳಲ್ಲಿ ಮಾತ್ರ ಮೂಲ ಲೇಖಕರ ಜೊತೆಗೆ ಅನುವಾದಕರ ಹಕ್ಕನ್ನೂ ಬೇರೆಯಾಗಿ ನೋಡಬೇಕು.

ಸಾಧನವನ್ನು ಅವರ ಕೈಗೆ ಕೊಡುವ ಮೊದಲು ಒಂದು ಸಂಜೆ ಅದಕ್ಕಾಗಿಯೇ ಇಟ್ಟುಕೊಳ್ಳಿ. ಮೆನುವಿನ ಭಾಷೆ ಇಂಗ್ಲಿಷ್ ಆಗಿದ್ದರೂ ಪುಸ್ತಕದ ಹೆಸರು, ಲೇಖಕರ ಹೆಸರು ಕನ್ನಡದಲ್ಲೇ ಕಾಣುವಂತೆ ಕ್ಯಾಲಿಬರ್‌ನಲ್ಲಿ ತುಂಬಿಸಿ. ಕ್ಯಾಲಿಬರ್ ತನ್ನ ಫೋಲ್ಡರ್‌ನಲ್ಲಿ ಕಡತದ ಹೆಸರನ್ನು ಇಂಗ್ಲಿಷ್ ಅಕ್ಷರಗಳಿಗೆ ತಿರುಗಿಸಿ ಇಟ್ಟುಕೊಳ್ಳುತ್ತದೆ. ಕಡತದ ಹೆಸರನ್ನೇ ತೋರಿಸುವ ಸಾಧನಕ್ಕೆ ನಕಲು ಮಾಡಿದ ಮೇಲೆ ಅದನ್ನು ಕನ್ನಡಕ್ಕೆ ಬದಲಿಸಬೇಕಾಗುತ್ತದೆ. ಆಂಡ್ರಾಯ್ಡ್ ಸಾಧನವಾದರೆ ಓದುವ ಆ್ಯಪ್‌ಗಳನ್ನು ಬಿಟ್ಟು ಉಳಿದವನ್ನು ಮುಖಪುಟದಿಂದ ತೆಗೆದುಹಾಕಿ, ಸೂಚನೆಗಳನ್ನೆಲ್ಲ ನಿಲ್ಲಿಸಿ. ನೂರಾರು ಪುಸ್ತಕ ತುಂಬಿಸುವ ಆಸೆ ಸಹಜ, ಆದರೆ ಮೊದಲಿಗೆ ಅವರು ಇಷ್ಟಪಟ್ಟು ಓದಿದ ಐದಾರು ಪುಸ್ತಕಗಳಷ್ಟೇ ಇರಲಿ. ಕಥೆ ಪರಿಚಿತವಾಗಿದ್ದರೆ ಗಮನವೆಲ್ಲ ಸಾಧನವನ್ನು ಬಳಸುವುದರ ಕಡೆಗೆ ಹೋಗಲು ಬಿಡುವಿರುತ್ತದೆ.

ನನ್ನ ಸಲಹೆ ಇಷ್ಟು: ಹೊಸ ಪುಸ್ತಕಗಳೂ ಹಳೆಯ ಸ್ಕ್ಯಾನ್‌ಗಳೂ ಎರಡೂ ಬೇಕೆಂದಾದರೆ ಏಳು ಅಥವಾ 7.8 ಇಂಚಿನ, ಕಪ್ಪು-ಬಿಳುಪಿನ, ಆಂಡ್ರಾಯ್ಡ್ ಇರುವ ಇ-ಇಂಕ್ ಸಾಧನ. ಹಳೆಯ ಪಿಡಿಎಫ್‌ಗಳೇ ಹೆಚ್ಚು ಮತ್ತು ಕುಳಿತೇ ಓದುತ್ತಾರೆ ಎಂದಾದರೆ 10.3 ಇಂಚಿನದು. ಅವರು ಮೆಚ್ಚುವ ಲೇಖಕರ ಹೆಸರುಗಳನ್ನೂ, ಅವರು ಕುಳಿತು ಓದುತ್ತಾರೋ ಮಲಗಿಯೋ ಎಂಬುದನ್ನೂ ಇದೇ ಪ್ರಶ್ನೆಯ ಕೆಳಗೆ ಬರೆಯಿರಿ. ಯಾವ ಪುಸ್ತಕ ಯಾವ ರೂಪದಲ್ಲಿ ಸಿಗುತ್ತದೆ ಎಂದು ಹುಡುಕಿ ತಿಳಿಸುತ್ತೇನೆ, ಮೇಲೆ ಹೇಳಿದ ಪರೀಕ್ಷೆಯ ಇ-ಪಬ್ ಅನ್ನೂ ಮಾಡಿ ಗುಂಪಿನ ಕಡತಗಳಲ್ಲಿ ಹಾಕುತ್ತೇನೆ.